ಕಣದ ಲೆಕ್ಕ

ಬೋರ್ಡು ಬರೆಯುವ ಹುಡುಗ ಬಂದಿದ್ದಾನೆ ಸುಂಟಿಕೊಪ್ಪ ಪೇಟೆಯಿಂದ,
ಹಳದಿ ಡಬ್ಬ, ಎರಡು ಬ್ರಷ್ಷು, ಕಿವಿಯ ಮೇಲೊಂದು ಸೀಮೆಸುಣ್ಣ.
‘ದೇಚಕ್ಕಾ, ಸಾರ್ವಕಾಲಿಕ ದಾಖಲೆ ಅಂದ್ರೆ ಎಷ್ಟು ಸಾಲು ಬರ್ತದೆ?’

ಎಷ್ಟು ಸಾಲು, ಮಗಾ!
ಹದಿನೇಳು ವರ್ಷ, ಹನ್ನೊಂದು ಪುಸ್ತಕ.
ಒಂದನ್ನು ಗೆದ್ದಲು ತಿಂದಿತು. ಆ ವರ್ಷ ನಾವು ಬರೀ ಸೋತಿದ್ದೆವು,
ಗೆದ್ದಲಿಗೂ ಸ್ವಲ್ಪ ಮರ್ಯಾದೆ ಉಂಟು.

ಬರೆದುಕೋ.
ಆಟ ಇನ್ನೂರ ಹನ್ನೆರಡು. ಗೆದ್ದದ್ದು ನೂರ ಮೂವತ್ತೊಂದು.
ಉಳಿದದ್ದು ನೀನೇ ಕಳೆದುಕೋ, ನನ್ನ ಬಾಯಲ್ಲಿ ಬರುವುದಿಲ್ಲ.

ಹಾಕಿ ಕೋಲು ಹಿಡಿದೇ ಹುಟ್ಟುವ ಈ ಸೀಮೆಯಲ್ಲಿ
ಬುಟ್ಟಿಗೆ ಚೆಂಡು ಹಾಕಲು ಸಂಬಳ ಕೊಟ್ಟದ್ದು
ನಮ್ಮ ಕ್ಯೂರಿಂಗ್ ವರ್ಕ್ಸ್ ಒಂದೇ.
ತಿಂಗಳಿಗೆ ಮುನ್ನೂರೈವತ್ತು,
ಗೆದ್ದರೆ ತಲೆಗೊಂದು ಕಿಲೋ ಪೀಬೆರಿ.
ಹಗಲು ಮೂಟೆಯ ತೂಕ ಬರೆದ ಪೆನ್ನಿನಲ್ಲೇ
ಸಂಜೆ ನಾನು ಅಂಕ ಬರೆದೆ.
ಕಾಫಿ ಹರವುವ ಕಣವೇ ಕೋರ್ಟು.
ಚೆಂಡು ಪುಟಿದಾಗೆಲ್ಲ ಹೊಟ್ಟು ಎದ್ದು
ಹತ್ತೂ ಜನರ ರೆಪ್ಪೆಗೆ ಕೂತು,
ಹೊರಗಿನ ತಂಡದವರು ಸೀನುತ್ತಾ ಸೋಲುತ್ತಿದ್ದರು.
ಅದನ್ನು ಬೋರ್ಡಿಗೆ ಹಾಕಬೇಡ.

ಅತಿ ಹೆಚ್ಚು ಆಟ, ಕುಶಾಲಪ್ಪ. ನೂರ ತೊಂಬತ್ತು.
ತನ್ನ ಮದುವೆಯ ಸಂಜೆಯೂ ಬಂದು ಆಡಿದ,
ತಪ್ಪಿಸಿದ್ದು ತಂಗಿಯ ಮದುವೆಗೆ.
ಅತಿ ದೂರದ ಬುಟ್ಟಿ, ಮೂಟೆ ಹೊರುವ ಬೊಳ್ಳ,
ಬರಿಗಾಲಲ್ಲಿ, ಪಾತಿಯ ಆಚೆಯಿಂದ.
ಅಳೆಯಲು ಟೇಪಿರಲಿಲ್ಲ, ಗೋಣಿಯ ಹಗ್ಗ ಹಿಡಿದೆವು.
ಹಗ್ಗ ಸಾಲಲಿಲ್ಲ.

‘ಒಂದೇ ಆಟದಲ್ಲಿ ಅತಿ ಹೆಚ್ಚು, ಪೂವಯ್ಯ, ನಲವತ್ತನಾಲ್ಕು.
ಅದು ನನಗೇ ಗೊತ್ತು’ ಎಂದ ಹುಡುಗ.
ಗೊತ್ತಿರದೆ ಏನು? ಬೋರ್ಡಿನ ದುಡ್ಡು ಪೂವಯ್ಯನ ಮಗನದು.

ಆ ರಾತ್ರಿ ಹಾಸನದವರ ಮೇಲೆ ಆಟ.
ಕೊನೆಯ ನಿಮಿಷದಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಬಲೆ ‘ಸರ್’ ಅಂದದ್ದನ್ನು
ಇಡೀ ಕಣ ಕೇಳಿತು. ಹಾಕಿದವರನ್ನು ಯಾರೂ ಕಾಣಲಿಲ್ಲ.
ರೆಫ್ರಿ ಬೆರಳೆರಡು ಎತ್ತಿದನಂತೆ,
ಅದನ್ನೂ ಯಾರೂ ಕಾಣಲಿಲ್ಲ.
ದೀಪ ಬಂದಾಗ ಬುಟ್ಟಿಯ ಕೆಳಗೆ ಇಬ್ಬರು.
ಪೂವಯ್ಯ ನಿಂತಿದ್ದ, ಹಂಸ ಬಿದ್ದಿದ್ದ.
ನಿಂತವನ ಹೆಸರಿಗೆ ಬರೆದೆ.
ಎಲ್ಲರೂ ಹಾಗೆಯೇ ಅಲ್ಲವೇ ಬರೆಯುವುದು?

ಆ ಎರಡು ತೆಗೆದರೆ ಪೂವಯ್ಯನದು ನಲವತ್ತೆರಡು,
ದಾಖಲೆ ಗ್ರೆಗರಿಗೆ ಹೋಗುತ್ತದೆ, ನಲವತ್ತಮೂರು.
ಗ್ರೆಗರಿ ಈಗ ಇಗರ್ಜಿಯ ಹಿಂದೆ ಮಲಗಿದ್ದಾನೆ,
ಅವನಿಗೆ ಹೇಳುವವರಾರು?
ಹಂಸನ ಒಟ್ಟು ಮೊತ್ತ ಒಂಬೈನೂರ ತೊಂಬತ್ತೆಂಟು.
ಆಮೇಲೆ ಮೊಣಕಾಲು ಹೋಯಿತು.
ಸಾವಿರ ದಾಟಿದವರ ಪಟ್ಟಿಯಲ್ಲಿ ಮೂರೇ ಹೆಸರು.

ಇವತ್ತು ಬೆಳಿಗ್ಗೆ ಮೀನಂಗಡಿಗೆ ಹೋಗಿದ್ದೆ.
ಒಂದು ಕಿಲೋ ಮತ್ತಿ ಕೇಳಿದೆ,
ತಕ್ಕಡಿ ಇಳಿದ ಮೇಲೂ ಮೇಲಿಷ್ಟು ಎಸೆಯುವುದು ಅವನ ಅಭ್ಯಾಸ.
‘ಹಂಸ, ಆ ಕತ್ತಲ ಚೆಂಡು...’
ಅವನು ಚೀಲದ ಗಂಟು ಬಿಗಿದ.
‘ಅದು ನಂದಲ್ಲ ದೇಚಕ್ಕಾ. ನಾನು ಆಗ್ಲೇ ಜಾರಿ ಬಿದ್ದಿದ್ದೆ.’
ಕೇಳಿದ್ದಕ್ಕೆ ಒಂದು ಕ್ಷಣವೂ ತಡೆಯಲಿಲ್ಲ.
ಮೂವತ್ತೈದು ವರ್ಷದ ಹಿಂದಿನ ಮಾತಿಗೆ
ಇಷ್ಟು ಬೇಗ ಉತ್ತರ ಇಟ್ಟುಕೊಂಡವನು
ಸುಳ್ಳು ಹೇಳುತ್ತಿರಬೇಕು.
ಇಲ್ಲವೇ ನಿಜ ಹೇಳುತ್ತಿರಬೇಕು.

ಹುಡುಗ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ
44 ಬರೆದು, ಕುತ್ತಿಗೆ ಓರೆ ಮಾಡಿ ನೋಡುತ್ತಾನೆ.
‘ಬಣ್ಣ ಹಚ್ಚಲಾ?’
ಊಟ ಆಗಲಿ, ಮಗಾ.
ಮೀನು ಇನ್ನೂ ತೊಳೆದಿಲ್ಲ.